ಎಫ್‌ಪಿಜಿಎಗೆ ಯಾವ ಸಾಫ್ಟ್‌ವೇರ್? ಬೋರ್ಡ್ ಕೊಳ್ಳುವ ಮೊದಲೇ ಓದಿ

"ಎಫ್‌ಪಿಜಿಎ ಕಲಿಯಬೇಕು ಅಂತಿದ್ದೀನಿ, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?" ಓದುಗರಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. (ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟ್ ಹೇಗಿರಬೇಕು ಅಂತ ನಾವೇ ಕೋಡ್ ಬರೆದು ಹೇಳಬಹುದಾದ ಚಿಪ್.) ಪ್ರತಿ ಸಲವೂ ನಾನು ಮರಳಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಬೋರ್ಡ್ ಮೇಲಿರುವ ಚಿಪ್ ಯಾವುದು?

ಸುಮ್ನೆ ಮಾತು ತಪ್ಪಿಸಲು ಹೀಗೆ ಕೇಳುತ್ತಿಲ್ಲ. ಮಾಮೂಲಿ ಪ್ರೋಗ್ರಾಂ ಬರೆಯುವಾಗ ಕಂಪೈಲರ್ ಯಾವುದಿರಬೇಕು ಅನ್ನೋದು ನಿಮ್ಮ ಇಷ್ಟ. ಎಫ್‌ಪಿಜಿಎಯಲ್ಲಿ ಹಾಗಲ್ಲ. ಇಲ್ಲಿ ನೀವು ಬರೆದ ಕೋಡ್ ಕೊನೆಗೆ ಬಿಟ್‌ಸ್ಟ್ರೀಮ್ ಆಗಬೇಕು. ಚಿಪ್‌ನೊಳಗಿನ ಸಾವಿರಾರು ಪುಟ್ಟ ಸ್ವಿಚ್‌ಗಳಲ್ಲಿ ಯಾವುದು ಆನ್, ಯಾವುದು ಆಫ್ ಅಂತ ಹೇಳುವ ಫೈಲ್ ಅದು. ಯಾವ ಬಿಟ್‌ಗೆ ಯಾವ ಅರ್ಥ ಅನ್ನೋದನ್ನು ಹೆಚ್ಚಿನ ತಯಾರಕರು ಗುಟ್ಟಾಗಿ ಇಟ್ಟಿದ್ದಾರೆ. ಹಾಗಾಗಿ ಚಿಪ್ ಕೊಂಡ ಕ್ಷಣವೇ ಸಾಫ್ಟ್‌ವೇರ್ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಇನ್ನೂ ಬೋರ್ಡ್ ಕೊಂಡಿಲ್ಲ ಅಂದರೆ ನೀವು ಪುಣ್ಯವಂತರು. ಮೊದಲು ಸಾಫ್ಟ್‌ವೇರ್ ನೋಡಿ, ಅದಕ್ಕೆ ಹೊಂದುವ ಬೋರ್ಡ್ ಆಮೇಲೆ ಹುಡುಕಬಹುದು.

ಮುಂದೆ ಹೋಗುವ ಮೊದಲು ನಾಲ್ಕು ಪದ ತಿಳಿದಿರಲಿ.

ಲಟ್: ಎಫ್‌ಪಿಜಿಎಯ ಅತಿ ಚಿಕ್ಕ ತುಂಡು. 4 ಇನ್‌ಪುಟ್‌ನ ಲಟ್ ಅಂದರೆ 16 ಉತ್ತರ ಬರೆದಿಟ್ಟ ಒಂದು ಪಟ್ಟಿ. ಇನ್‌ಪುಟ್ ನೋಡಿ ಅದಕ್ಕೆ ತಕ್ಕ ಉತ್ತರ ಕೊಡುತ್ತದೆ, ಅಷ್ಟೇ. ಅದರ ಪಕ್ಕದಲ್ಲೇ ಒಂದು ಫ್ಲಿಪ್‌ಫ್ಲಾಪ್ ಇರುತ್ತದೆ. ಒಂದು ಬಿಟ್ ನೆನಪಿಟ್ಟುಕೊಳ್ಳುವುದು ಅದರ ಕೆಲಸ.

ಸಿಂಥೆಸಿಸ್: ನಿಮ್ಮ ಕೋಡನ್ನು ಲಟ್ ಮತ್ತು ಫ್ಲಿಪ್‌ಫ್ಲಾಪ್‌ಗಳಾಗಿ ಬದಲಿಸುವ ಕೆಲಸ.

ಪ್ಲೇಸ್ ಅಂಡ್ ರೂಟ್: ಆ ತುಂಡುಗಳಲ್ಲಿ ಯಾವುದು ಚಿಪ್‌ನ ಯಾವ ಮೂಲೆಯಲ್ಲಿ ಕೂರಬೇಕು, ನಡುವೆ ತಂತಿ ಹೇಗೆ ಹೋಗಬೇಕು ಅಂತ ತೀರ್ಮಾನಿಸುವುದು.

ಕನ್‌ಸ್ಟ್ರೇಂಟ್ ಫೈಲ್: ಯಾವ ಸಿಗ್ನಲ್ ಯಾವ ಪಿನ್‌ಗೆ, ಕ್ಲಾಕ್ (ಇಡೀ ಸರ್ಕ್ಯೂಟ್‌ಗೆ ತಾಳ ಹಾಕುವ ಬಡಿತ) ಎಷ್ಟು ವೇಗ ಅಂತ ನೀವು ಬರೆದುಕೊಡುವ ಫೈಲ್.

ಹಂತ 1: ಚಿಪ್‌ನ ಪೂರ್ತಿ ಹೆಸರು ಬರೆದುಕೊಳ್ಳಿ

ಬೋರ್ಡ್‌ನ ಹೆಸರು ಸಾಲದು. ಚಿಪ್ ಮೇಲೆ ಮುದ್ರಿಸಿದ ಪೂರ್ತಿ ಹೆಸರು ಬೇಕು. ಕಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ, ಇಲ್ಲವೇ ಬೋರ್ಡ್‌ನ ಕೈಪಿಡಿ ತೆಗೆಯಿರಿ.

ಒಂದು ಉದಾಹರಣೆ ಬಿಡಿಸಿ ನೋಡೋಣ: ಎಕ್ಸ್‌ಸಿ7ಎ35ಟಿ-1ಸಿಪಿಜಿ236ಸಿ. ಇದರಲ್ಲಿ 7 ಅಂದರೆ 7ನೇ ಸರಣಿ, ಎ ಅಂದರೆ ಆರ್ಟಿಕ್ಸ್ ಕುಟುಂಬ, 35 ಅದರ ಗಾತ್ರ. ಗೆರೆಯ ನಂತರದ 1 ವೇಗದ ದರ್ಜೆ. ಸಿಪಿಜಿ236 ಅಂದರೆ 236 ಕಾಲುಗಳ ಪ್ಯಾಕೇಜ್. ಕೊನೆಯ ಸಿ, ಎಷ್ಟು ಬಿಸಿಯವರೆಗೆ ಓಡುತ್ತದೆ ಅನ್ನೋದರ ಗುರುತು. ಈ ಚಿಪ್‌ನಲ್ಲಿ 20,800 ಲಟ್‌ಗಳಿವೆ, ಪ್ರತಿಯೊಂದಕ್ಕೂ 6 ಇನ್‌ಪುಟ್.

ಸಾಫ್ಟ್‌ವೇರ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದಾಗ ಈ ಎಲ್ಲವನ್ನೂ ಅದು ಕೇಳುತ್ತದೆ. ಹೊಸಬರು ಎಡವುವುದು ಪ್ಯಾಕೇಜ್‌ನಲ್ಲಿ. ಕುಟುಂಬ ಸರಿ, ಗಾತ್ರ ಸರಿ, ಪ್ಯಾಕೇಜ್ ಮಾತ್ರ ಪಟ್ಟಿಯಲ್ಲಿ ಮೊದಲು ಕಂಡದ್ದು. ಆಮೇಲೆ "ಇಂಥ ಪಿನ್ ಇಲ್ಲ" ಅಂತ ಸಾಫ್ಟ್‌ವೇರ್ ತಕರಾರು ಮಾಡುತ್ತದೆ, ನೀವು ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ವೇಗದ ದರ್ಜೆಯಲ್ಲೂ ಒಂದು ತಮಾಷೆ ಇದೆ. ಎಎಂಡಿ ಕಂಪನಿಯ ಚಿಪ್‌ಗಳಲ್ಲಿ (ಮೇಲಿನ ಉದಾಹರಣೆ ಅವರದೇ) ದೊಡ್ಡ ಅಂಕಿ ಅಂದರೆ ಜಾಸ್ತಿ ವೇಗ. ಆಲ್ಟೆರಾ ಕಂಪನಿಯ ಚಿಪ್‌ಗಳಲ್ಲಿ ಉಲ್ಟಾ, 8ಕ್ಕಿಂತ 6 ವೇಗದ್ದು.

ಹಂತ 2: ಆ ಚಿಪ್‌ಗೆ ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ ಅಂತ ನೋಡಿ

ಎಎಂಡಿ, ಅಂದರೆ ಹಿಂದಿನ ಕ್ಸೈಲಿಂಕ್ಸ್. 7ನೇ ಸರಣಿ ಮತ್ತು ಅದಕ್ಕಿಂತ ಹೊಸ ಚಿಪ್‌ಗಳಿಗೆ ವಿವಾಡೊ. ಸ್ಪಾರ್ಟನ್-6 ಮತ್ತು ಅದಕ್ಕಿಂತ ಹಳೆಯವಕ್ಕೆ ಐಎಸ್ಇ ಅನ್ನುವ ಹಳೆಯ ಸಾಫ್ಟ್‌ವೇರೇ ಗತಿ. ಅದರ ಕೊನೆಯ ಆವೃತ್ತಿ 14.7 ಬಂದದ್ದು 2013ರಲ್ಲಿ, ಆಮೇಲೆ ಹೊಸದಿಲ್ಲ. ಇವತ್ತಿನ ವಿಂಡೋಸ್‌ನಲ್ಲಿ ಅದನ್ನು ಓಡಿಸಬೇಕಾದರೆ ವರ್ಚುವಲ್ ಮಷೀನ್ ಹಾಕಬೇಕಾಗಬಹುದು, ಅಂದರೆ ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ. ಸೆಕೆಂಡ್‌ಹ್ಯಾಂಡ್ ಸ್ಪಾರ್ಟನ್-6 ಬೋರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮೊದಲು ಇದು ನೆನಪಿರಲಿ.

ಆಲ್ಟೆರಾ. 2015ರಲ್ಲಿ ಇಂಟೆಲ್ ಇದನ್ನು ಕೊಂಡಿತು, ಹಾಗಾಗಿ ಹಲವು ಕಡೆ ಇಂಟೆಲ್ ಹೆಸರೇ ಕಾಣುತ್ತದೆ, ಗಾಬರಿ ಬೇಡ. ಸಾಫ್ಟ್‌ವೇರ್ ಹೆಸರು ಕ್ವಾರ್ಟಸ್ ಪ್ರೈಮ್. ಅದರ ಲೈಟ್ ಆವೃತ್ತಿ ಉಚಿತ. ಸೈಕ್ಲೋನ್ 4, ಸೈಕ್ಲೋನ್ 5, ಮ್ಯಾಕ್ಸ್ 10 ಇವಕ್ಕೆಲ್ಲ ಅದು ಸಾಕು. ಆದರೆ ಸೈಕ್ಲೋನ್ 2 ಬೋರ್ಡ್ ಕೈಯಲ್ಲಿದ್ದರೆ 13.0 ಸರ್ವಿಸ್ ಪ್ಯಾಕ್ 1ಕ್ಕೆ, ಸೈಕ್ಲೋನ್ 3 ಇದ್ದರೆ 13.1ಕ್ಕೆ ಹಿಂದೆ ಹೋಗಬೇಕು. ಹೊಸ ಆವೃತ್ತಿಯ ಪಟ್ಟಿಯಲ್ಲಿ ಆ ಚಿಪ್‌ಗಳ ಹೆಸರೇ ಇರುವುದಿಲ್ಲ. "ಹೊಸದೇ ಒಳ್ಳೆಯದು" ಅಂತ ಡೌನ್‌ಲೋಡ್ ಮಾಡಿದವರೇ ಜಾಸ್ತಿ ಬೇಸರಪಡುವುದು.

ಲ್ಯಾಟಿಸ್. ಇವರ ಮನೆಯಲ್ಲಿ ಮೂರು ಸಾಫ್ಟ್‌ವೇರ್‌ಗಳಿವೆ, ಗೊಂದಲಕ್ಕೆ ಅಷ್ಟೇ ಸಾಕು. ಮ್ಯಾಕ್‌ಎಕ್ಸ್‌ಒ2, ಇಸಿಪಿ5 ಇವಕ್ಕೆ ಡೈಮಂಡ್. ಐಸ್40 ಕುಟುಂಬಕ್ಕೆ ಐಸ್‌ಕ್ಯೂಬ್2. ಐಸ್40 ಅಲ್ಟ್ರಾಪ್ಲಸ್‌ಗೆ ಮತ್ತು ಸರ್ಟಸ್-ಎನ್‌ಎಕ್ಸ್‌ನಂಥ ಹೊಸ ಚಿಪ್‌ಗಳಿಗೆ ರೇಡಿಯಂಟ್.

ಮೈಕ್ರೋಚಿಪ್‌ನ ಪೋಲಾರ್‌ಫೈರ್‌ಗೆ ಲಿಬೆರೊ, ಗೋವಿನ್ ಚಿಪ್‌ಗಳಿಗೆ ಗೋವಿನ್‌ನದೇ ಸಾಫ್ಟ್‌ವೇರ್.

ಇನ್ನು ಓಪನ್ ಸೋರ್ಸ್ ದಾರಿ. ಬಿಟ್‌ಸ್ಟ್ರೀಮ್ ಗುಟ್ಟು ಅಂದೆನಲ್ಲ, ಹಟ ಹಿಡಿದು ಅದನ್ನು ಬಿಡಿಸಿದವರೂ ಇದ್ದಾರೆ. 2015ರಲ್ಲಿ ಐಸ್‌ಸ್ಟಾರ್ಮ್ ಅನ್ನುವ ಯೋಜನೆ ಐಸ್40 ಚಿಪ್‌ನ ಬಿಟ್‌ಗಳ ಅರ್ಥವನ್ನು ಹೊರಗಿಟ್ಟಿತು. ಆಮೇಲೆ ಟ್ರೆಲ್ಲಿಸ್ ಯೋಜನೆ ಇಸಿಪಿ5ಗೆ, ಅಪಿಕುಲ ಯೋಜನೆ ಗೋವಿನ್‌ಗೆ ಅದೇ ಕೆಲಸ ಮಾಡಿದವು. ಈ ದಾರಿಯಲ್ಲಿ ಸಿಂಥೆಸಿಸ್‌ಗೆ ಯೋಸಿಸ್, ಪ್ಲೇಸ್ ಅಂಡ್ ರೂಟ್‌ಗೆ ನೆಕ್ಸ್ಟ್‌ಪಿಎನ್‌ಆರ್, ಬೋರ್ಡ್‌ಗೆ ಇಳಿಸಲು ಓಪನ್‌ಎಫ್‌ಪಿಜಿಎಲೋಡರ್. ಎಲ್ಲವನ್ನೂ ಒಟ್ಟಿಗೆ ಕಟ್ಟಿದ ಓಎಸ್ಎಸ್ ಕ್ಯಾಡ್ ಸೂಟ್ ಅಂತ ಒಂದು ಗಂಟು ಸಿಗುತ್ತದೆ. ಬಿಚ್ಚಿ ಒಂದು ಫೋಲ್ಡರ್‌ನಲ್ಲಿಟ್ಟರೆ ಆಯ್ತು.

ನನ್ನನ್ನು ಕೇಳಿದರೆ, ಹೊಸದಾಗಿ ಕಲಿಯುವವರು ಐಸ್40 ಅಥವಾ ಇಸಿಪಿ5 ಬೋರ್ಡ್ ತೆಗೆದುಕೊಂಡು ಈ ದಾರಿಯಲ್ಲೇ ಶುರು ಮಾಡಲಿ. ಎಲ್ಇಡಿ ಮಿಟುಕಿಸುವ ಚಿಕ್ಕ ಸರ್ಕ್ಯೂಟ್ ಇಲ್ಲಿ ಕೆಲವೇ ಸೆಕೆಂಡಿನಲ್ಲಿ ತಯಾರು. ದೊಡ್ಡ ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೇ ನಿಮಿಷಗಟ್ಟಲೆ ಕಾಯಬೇಕು. ಕಲಿಯುವಾಗ ತಪ್ಪು ಮಾಡುವುದೇ ಜಾಸ್ತಿ, ಪ್ರತಿ ತಪ್ಪಿಗೂ ನಿಮಿಷಗಟ್ಟಲೆ ಕಾಯುವುದು ಅಂದರೆ ಉತ್ಸಾಹವೇ ಸತ್ತುಹೋಗುತ್ತದೆ, ಅಲ್ವಾ? ಆದರೆ ಕೆಲಸಕ್ಕೆ ಸೇರುವುದೇ ಗುರಿಯಾಗಿದ್ದರೆ, ಅಥವಾ ಡಿಡಿಆರ್ ಮೆಮೊರಿ, ಪಿಸಿಐ ಎಕ್ಸ್‌ಪ್ರೆಸ್‌ನಂಥವು ಬೇಕಿದ್ದರೆ ವಿವಾಡೊ ಅಥವಾ ಕ್ವಾರ್ಟಸ್ ಕಲಿಯಲೇಬೇಕು. ತಯಾರಕರೇ ಮಾಡಿಟ್ಟ ಸಿದ್ಧ ಸರ್ಕ್ಯೂಟ್‌ಗಳು ಅವುಗಳ ಜೊತೆಗೇ ಬರುತ್ತವೆ. ಅವಕ್ಕೆ ಐಪಿ ಅನ್ನುತ್ತಾರೆ, ನೆಟ್‌ವರ್ಕ್ ಐಪಿಗೂ ಇದಕ್ಕೂ ಸಂಬಂಧವಿಲ್ಲ.

ಹಂತ 3: ನಿಮ್ಮ ಕಂಪ್ಯೂಟರ್ ತಡೆಯುತ್ತದಾ?

ವಿವಾಡೊ ಮತ್ತು ಕ್ವಾರ್ಟಸ್ ವಿಂಡೋಸ್ ಮತ್ತು ಲಿನಕ್ಸ್‌ಗೆ ಮಾತ್ರ. ಮ್ಯಾಕ್ ಇರುವವರಿಗೆ ಓಪನ್ ಸೋರ್ಸ್ ದಾರಿಯೇ ಸಲೀಸು, ಯೋಸಿಸ್ ಮತ್ತು ನೆಕ್ಸ್ಟ್‌ಪಿಎನ್‌ಆರ್ ಅಲ್ಲಿ ನೇರವಾಗಿ ಓಡುತ್ತವೆ.

ಜಾಗದ ವಿಚಾರ. ವಿವಾಡೊ ಹತ್ತಾರು ಜಿಬಿ ನುಂಗುತ್ತದೆ, ಹಾಕುವಾಗ ಇನ್ನೂ ಜಾಸ್ತಿ ಖಾಲಿ ಜಾಗ ಕೇಳುತ್ತದೆ. ಇನ್‌ಸ್ಟಾಲ್ ಮಾಡುವಾಗ ಚಿಪ್ ಕುಟುಂಬಗಳ ಪಟ್ಟಿ ಬರುತ್ತದೆ. ಎಲ್ಲಕ್ಕೂ ಟಿಕ್ ಇದ್ದರೆ ತೆಗೆದುಹಾಕಿ, ನಿಮ್ಮ ಚಿಪ್‌ನ ಕುಟುಂಬ ಮಾತ್ರ ಉಳಿಸಿ. ಇದೊಂದರಿಂದಲೇ ಸಿಕ್ಕಾಪಟ್ಟೆ ಜಾಗ ಉಳಿಯುತ್ತದೆ. ಬೇರೆ ಕುಟುಂಬ ಮುಂದೆ ಬೇಕಾದರೆ ಆಗ ಸೇರಿಸಬಹುದು.

ಪ್ರಾಜೆಕ್ಟ್ ಇಡುವ ಫೋಲ್ಡರ್‌ನ ಹೆಸರಲ್ಲಿ ಸ್ಪೇಸ್ ಬೇಡ, ಕನ್ನಡ ಅಕ್ಷರವೂ ಬೇಡ, ಹೆಸರು ಉದ್ದವೂ ಬೇಡ. ಈ ಸಾಫ್ಟ್‌ವೇರ್‌ಗಳ ಒಳಗೆ ಹಳೆಯ ಸ್ಕ್ರಿಪ್ಟ್‌ಗಳು ತುಂಬಿವೆ, ಸ್ಪೇಸ್ ಕಂಡರೆ ಹೆಸರು ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತವೆ. ನಾನೇ ಒಂದು ಸಂಜೆ ಪೂರ್ತಿ "ಫೈಲ್ ಸಿಗಲಿಲ್ಲ" ಅನ್ನುವ ಸಂದೇಶ ನೋಡುತ್ತಾ ಕೂತಿದ್ದೆ. ಫೈಲ್ ಕಣ್ಣೆದುರಿಗೇ ಇತ್ತು, ಫೋಲ್ಡರ್ ಹೆಸರಿನ ನಡುವೆ ನಾನೇ ಕೊಟ್ಟ ಒಂದು ಸ್ಪೇಸ್ ಕೂಡ ಇತ್ತು. ವಿಂಡೋಸ್‌ನಲ್ಲಂತೂ ಪೂರ್ತಿ ದಾರಿ 260 ಅಕ್ಷರ ದಾಟಿದರೆ ಬೇರೆ ರಗಳೆ ಶುರು. ಡ್ರೈವ್‌ನ ಮೇಲ್ಗಡೆಯೇ ಚಿಕ್ಕ ಹೆಸರಿನ ಫೋಲ್ಡರ್ ಮಾಡಿಕೊಳ್ಳಿ.

ಹಂತ 4: ಲೈಸೆನ್ಸ್ ಓದಿ

ಉಚಿತ ಆವೃತ್ತಿ ಅಂದರೆ ಸಾಮಾನ್ಯವಾಗಿ ಚಿಕ್ಕ ಮತ್ತು ಮಧ್ಯಮ ಗಾತ್ರದ ಚಿಪ್‌ಗಳಿಗೆ ಉಚಿತ ಅಂತ ಅರ್ಥ. ದೊಡ್ಡ ಚಿಪ್‌ಗೆ ದುಡ್ಡು ಕೊಡಬೇಕು. ನಿಮ್ಮ ಚಿಪ್‌ನ ಹೆಸರು ಉಚಿತ ಪಟ್ಟಿಯಲ್ಲಿದೆಯೇ ಅಂತ ಕೊಳ್ಳುವ ಮೊದಲೇ ನೋಡಿ.

ಉಚಿತವಾದರೂ ಲೈಸೆನ್ಸ್ ಫೈಲ್ ಕೇಳುವ ಸಾಫ್ಟ್‌ವೇರ್‌ಗಳಿವೆ. ಲ್ಯಾಟಿಸ್‌ನ ಡೈಮಂಡ್, ರೇಡಿಯಂಟ್ ಹಾಗೆ. ಕ್ವಾರ್ಟಸ್ ಜೊತೆ ಬರುವ ಕ್ವೆಸ್ಟಾ ಸಿಮ್ಯುಲೇಟರ್‌ಗೂ (ಸಿಮ್ಯುಲೇಟರ್ ಅಂದರೇನು ಅಂತ ಹಂತ 6ರಲ್ಲಿದೆ) ಉಚಿತ ಲೈಸೆನ್ಸ್ ಬೇರೆಯಾಗಿ ತರಿಸಿಕೊಳ್ಳಬೇಕು. ಕ್ವಾರ್ಟಸ್ ಓಡಿತು, ಸಿಮ್ಯುಲೇಟರ್ ಮಾತ್ರ ತೆರೆಯುತ್ತಿಲ್ಲ ಅಂತ ಬರುವ ದೂರುಗಳ ಹಿಂದೆ ಬಹುತೇಕ ಇದೇ ಇರುತ್ತದೆ. ಇಂಥ ಫೈಲ್‌ಗಳು ಸಾಮಾನ್ಯವಾಗಿ ನಿಮ್ಮ ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ವಿಳಾಸಕ್ಕೆ, ಅಂದರೆ ಆ ಕಾರ್ಡ್‌ನ ಗುರುತಿನ ಸಂಖ್ಯೆಗೆ, ಅಂಟಿಕೊಂಡಿರುತ್ತವೆ. ಆಗೊಮ್ಮೆ ಈಗೊಮ್ಮೆ ಸಿಕ್ಕಿಸುವ ಯುಎಸ್‌ಬಿ ವೈಫೈ ಡಾಂಗಲ್‌ನ ವಿಳಾಸ ಕೊಡಬೇಡಿ. ಡಾಂಗಲ್ ತೆಗೆದ ದಿನ ಲೈಸೆನ್ಸೂ ಹೋಯ್ತು.

ಹಂತ 5: ಭಾಷೆ ಆರಿಸಿ

ವೆರಿಲಾಗ್ ಅಥವಾ ವಿಎಚ್‌ಡಿಎಲ್. ಯಾವುದು ಮೇಲು ಅನ್ನುವ ಜಗಳ ಮುಗಿಯುವಂಥದ್ದಲ್ಲ, ಅದರಲ್ಲಿ ತಲೆ ಹಾಕಬೇಡಿ. ದೊಡ್ಡ ಸಾಫ್ಟ್‌ವೇರ್‌ಗಳು ಎರಡನ್ನೂ ಓದುತ್ತವೆ. ಓಪನ್ ಸೋರ್ಸ್ ದಾರಿಯಲ್ಲಿ ವೆರಿಲಾಗ್ ಸುಲಭ. ವಿಎಚ್‌ಡಿಎಲ್‌ಗೆ ಯೋಸಿಸ್ ಜೊತೆ ಜಿಎಚ್‌ಡಿಎಲ್ ಪ್ಲಗಿನ್ ಬೇಕು. ಸಿಸ್ಟಮ್‌ವೆರಿಲಾಗ್ ಅಂದರೆ ವೆರಿಲಾಗ್‌ನ ಬೆಳೆದ ರೂಪ, ಅದರಲ್ಲಿ ಯೋಸಿಸ್‌ಗೆ ತಾನಾಗಿ ಅರ್ಥವಾಗುವುದು ಒಂದಿಷ್ಟು ಭಾಗ ಮಾತ್ರ. ಇನ್ನೊಬ್ಬರ ಕೋಡ್ ತಂದು ಹಾಕುವ ಮೊದಲು ಅದು ಯಾವುದರಲ್ಲಿದೆ ಅಂತ ನೋಡಿಕೊಳ್ಳಿ.

ಹಂತ 6: ಸಿಮ್ಯುಲೇಟರ್ ಹಾಕಿಕೊಳ್ಳಿ, ಇದನ್ನು ದಾಟಿ ಹೋಗಬೇಡಿ

ಇಲ್ಲಿ ಮಾತ್ರ ಚಿಪ್ ತಯಾರಕರ ಹಂಗಿಲ್ಲ. ಯಾವ ಚಿಪ್ ಇದ್ದರೂ ನಿಮಗಿಷ್ಟದ ಸಿಮ್ಯುಲೇಟರ್ ಬಳಸಬಹುದು. ಬೋರ್ಡೇ ಇಲ್ಲದೆಯೂ ಕಲಿಯಬಹುದು. ಸಿಮ್ಯುಲೇಟರ್ ಅಂದರೆ ನಿಮ್ಮ ಸರ್ಕ್ಯೂಟ್ ಹೇಗೆ ವರ್ತಿಸುತ್ತದೆ ಅಂತ ಕಂಪ್ಯೂಟರ್‌ನಲ್ಲೇ ಓಡಿಸಿ ತೋರಿಸುವ ಸಾಫ್ಟ್‌ವೇರ್. ವೆರಿಲಾಗ್‌ಗೆ ಇಕಾರಸ್ ವೆರಿಲಾಗ್, ವಿಎಚ್‌ಡಿಎಲ್‌ಗೆ ಜಿಎಚ್‌ಡಿಎಲ್. ಎರಡೂ ಚಿಕ್ಕವು, ಉಚಿತ. ಸಿಗ್ನಲ್‌ಗಳ ಅಲೆಗಳನ್ನು ನೋಡಲು ಜಿಟಿಕೆವೇವ್. ಸರ್ಕ್ಯೂಟ್ ದೊಡ್ಡದಾಗಿ ವೇಗ ಬೇಕು ಅನಿಸಿದಾಗ ವೆರಿಲೇಟರ್ ಕಡೆ ಹೋಗಿ. ವಿವಾಡೊದಲ್ಲಿ ಅದರದೇ ಸಿಮ್ಯುಲೇಟರ್ ಒಳಗೇ ಇದೆ.

ಒಂದು ಎಲ್ಇಡಿ ಮಿಟುಕಿಸುವುದನ್ನೇ ತೆಗೆದುಕೊಳ್ಳಿ. ಕ್ಲಾಕ್ 12 ಮೆಗಾಹರ್ಟ್ಸ್. 24 ಬಿಟ್‌ನ ಒಂದು ಕೌಂಟರ್, ಪ್ರತಿ ಕ್ಲಾಕ್‌ಗೂ ಒಂದು ಸೇರಿಸುತ್ತದೆ. ಮೇಲಿನ ಬಿಟ್ ಎಲ್ಇಡಿಗೆ. 24 ಬಿಟ್ ತುಂಬಲು 1,67,77,216 ಕ್ಲಾಕ್ ಬೇಕು, ಅಂದರೆ ಸುಮಾರು 1.4 ಸೆಕೆಂಡ್. ಎಲ್ಇಡಿ 0.7 ಸೆಕೆಂಡ್ ಉರಿದು 0.7 ಸೆಕೆಂಡ್ ಆರುತ್ತದೆ.

ಇದನ್ನು ಹಾಗೇ ಸಿಮ್ಯುಲೇಟರ್‌ಗೆ ಕೊಟ್ಟರೆ ಎರಡು ತೊಂದರೆ. ಮೊದಲನೆಯದು, ಒಂದು ಮಿಟುಕಿಗೆ ಒಂದೂವರೆ ಕೋಟಿಗಿಂತ ಜಾಸ್ತಿ ಕ್ಲಾಕ್ ಓಡಬೇಕು, ಅಲೆಗಳ ಫೈಲ್ ಊದಿಕೊಳ್ಳುತ್ತದೆ. ಅದಕ್ಕೆ ಕೌಂಟರ್‌ನ ಅಗಲವನ್ನು ಪ್ಯಾರಾಮೀಟರ್, ಅಂದರೆ ಬೇಕಾದಾಗ ಬದಲಿಸಬಹುದಾದ ಅಂಕಿ, ಮಾಡಿ. ಬೋರ್ಡ್‌ಗೆ 24, ಪರೀಕ್ಷೆಗೆ 4. ಆಗ 16 ಕ್ಲಾಕ್‌ಗೆ ಒಂದು ಸುತ್ತು.

ಎರಡನೆಯದು ಹೆಚ್ಚು ಮಜವಾಗಿದೆ. ಕೌಂಟರ್‌ಗೆ ಶುರುವಿನ ಬೆಲೆ ಕೊಟ್ಟಿಲ್ಲ ಅಂದರೆ ಜಿಟಿಕೆವೇವ್‌ನಲ್ಲಿ ಕೆಂಪು ಗೆರೆ ಮಾತ್ರ ಕಾಣುತ್ತದೆ. ಎಷ್ಟು ಹೊತ್ತು ಓಡಿಸಿದರೂ ಕೆಂಪೇ. ವೆರಿಲಾಗ್ ಪ್ರಕಾರ ಬೆಲೆ ಕೊಡದ ರಿಜಿಸ್ಟರ್‌ನಲ್ಲಿ (ಬೆಲೆ ನೆನಪಿಟ್ಟುಕೊಳ್ಳುವ ಫ್ಲಿಪ್‌ಫ್ಲಾಪ್‌ಗಳ ಗುಂಪು) ಇರುವುದು ಎಕ್ಸ್, ಅಂದರೆ "ಗೊತ್ತಿಲ್ಲ". ಗೊತ್ತಿಲ್ಲದ್ದಕ್ಕೆ ಒಂದು ಕೂಡಿದರೂ ಉತ್ತರ ಗೊತ್ತಿಲ್ಲವೇ. ಅದೇ ಕೋಡನ್ನು ಐಸ್40 ಬೋರ್ಡ್‌ಗೆ ಹಾಕಿ ನೋಡಿ, ಎಲ್ಇಡಿ ಚೆನ್ನಾಗಿ ಮಿಟುಕುತ್ತದೆ! ಅದರ ಫ್ಲಿಪ್‌ಫ್ಲಾಪ್‌ಗಳು ಸೊನ್ನೆಯಿಂದಲೇ ಏಳುತ್ತವೆ. ಆಗ "ಸಿಮ್ಯುಲೇಟರ್ ಸರಿ ಇಲ್ಲ" ಅಂತ ಅದನ್ನು ಮೂಲೆಗೆ ತಳ್ಳುವವರಿದ್ದಾರೆ. ತಳ್ಳಬೇಡಿ. ಕೋಡ್‌ನಲ್ಲಿ ರೀಸೆಟ್ ಅಥವಾ ಶುರುವಿನ ಬೆಲೆ ಬರೆಯಿರಿ. ಶುರು ಎಲ್ಲಿಂದ ಅಂತ ಚಿಪ್ ಊಹಿಸಬಾರದು, ನೀವು ಹೇಳಬೇಕು.

ಹಂತ 7: ಬೋರ್ಡ್ ಬರುವ ಮೊದಲೇ ಒಮ್ಮೆ ಪೂರ್ತಿ ಓಡಿಸಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಿದರೆ ಅರ್ಧ ತಲೆನೋವು ಹೋಗುತ್ತದೆ. ಬಿಟ್‌ಸ್ಟ್ರೀಮ್ ಮಾಡಲು ಬೋರ್ಡ್ ಬೇಕಿಲ್ಲ. ಸಾಫ್ಟ್‌ವೇರ್ ಹಾಕಿ, ಕೊಳ್ಳಬೇಕೆಂದಿರುವ ಚಿಪ್‌ನ ಹೆಸರು ಆರಿಸಿ, ಮೇಲಿನ ಕೌಂಟರನ್ನು ಬಿಟ್‌ಸ್ಟ್ರೀಮ್ ತನಕ ತನ್ನಿ. ಲೈಸೆನ್ಸ್, ಜಾಗ, ವೇಗ, ನಿಮ್ಮ ತಾಳ್ಮೆ ಎಲ್ಲದರ ಪರೀಕ್ಷೆ ಒಂದೇ ಸಲಕ್ಕೆ ಆಗುತ್ತದೆ. ಆಗಲಿಲ್ಲ ಅಂದರೆ ಬೇರೆ ಚಿಪ್ ನೋಡಿ, ದುಡ್ಡಂತೂ ಹೋಗಿಲ್ಲ.

ಓಡಿಸುವಾಗ ನೂರಾರು ಎಚ್ಚರಿಕೆ ಸಂದೇಶಗಳು ಬರುತ್ತವೆ. ಎಲ್ಲವನ್ನೂ ಓದಲು ಆಗದು. ಇವನ್ನು ಮಾತ್ರ ಹುಡುಕಿ:

"ಲ್ಯಾಚ್" ಅನ್ನುವ ಪದ. ಕ್ಲಾಕ್ ಇಲ್ಲದ ಬ್ಲಾಕ್‌ನಲ್ಲಿ ಇಫ್ ಬರೆದು ಎಲ್ಸ್ ಮರೆತಾಗ, ಹಳೆಯ ಬೆಲೆ ಹಿಡಿದಿಡಲು ಸಾಫ್ಟ್‌ವೇರ್ ತಾನೇ ಒಂದು ಲ್ಯಾಚ್ ಸೇರಿಸುತ್ತದೆ. ನೀವು ಕೇಳಿರದ ಲ್ಯಾಚ್ ಬಂದಿದ್ದರೆ ಅದು ಬಹುತೇಕ ತಪ್ಪೇ.

ಒಂದೇ ಸಿಗ್ನಲ್‌ಗೆ ಇಬ್ಬರು ಒಡೆಯರು. ಎರಡು ಆಲ್ವೇಸ್ ಬ್ಲಾಕ್‌ಗಳಿಂದ (ವೆರಿಲಾಗ್‌ನಲ್ಲಿ ಯಾವಾಗ ಏನಾಗಬೇಕು ಅಂತ ಹೇಳುವ ಕೋಡ್ ತುಂಡು) ಒಂದೇ ರಿಜಿಸ್ಟರ್‌ಗೆ ಬರೆದಾಗ ಬರುತ್ತದೆ.

ಬಳಕೆಯ ವರದಿಯಲ್ಲಿ ಲಟ್ ಸಂಖ್ಯೆ ಸೊನ್ನೆ. ಔಟ್‌ಪುಟ್ ಯಾವ ಪಿನ್‌ಗೂ ಹೋಗುತ್ತಿಲ್ಲ ಅಂದರೆ "ಈ ಸರ್ಕ್ಯೂಟ್‌ನಿಂದ ಯಾರಿಗೂ ಉಪಯೋಗವಿಲ್ಲ" ಅಂತ ಸಾಫ್ಟ್‌ವೇರ್ ಎಲ್ಲವನ್ನೂ ಅಳಿಸಿಹಾಕುತ್ತದೆ. ಸಿಂಥೆಸಿಸ್‌ನಲ್ಲಿ ಎರರ್ ಒಂದೂ ಬಾರದಿರಬಹುದು!

ಹಂತ 8: ಕನ್‌ಸ್ಟ್ರೇಂಟ್ ಫೈಲ್ ಬರೆಯಿರಿ, ಟೈಮಿಂಗ್ ವರದಿ ನೋಡಿ

ವಿವಾಡೊದಲ್ಲಿ ಇದು ಎಕ್ಸ್‌ಡಿಸಿ ಫೈಲ್. ಕ್ವಾರ್ಟಸ್‌ನಲ್ಲಿ ಪಿನ್‌ಗಳು ಕ್ಯೂಎಸ್ಎಫ್‌ನಲ್ಲಿ, ಕ್ಲಾಕ್ ಎಸ್‌ಡಿಸಿಯಲ್ಲಿ. ಐಸ್40ಗೆ ಪಿಸಿಎಫ್, ಇಸಿಪಿ5ಗೆ ಎಲ್‌ಪಿಎಫ್. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಬೋರ್ಡ್ ತಯಾರಕರು ಸಿದ್ಧ ಫೈಲ್ ಕೊಟ್ಟಿದ್ದರೆ ಅದನ್ನೇ ತೆಗೆದುಕೊಳ್ಳಿ, ಕೈಯಾರೆ ಬರೆಯುವ ಸಾಹಸ ಬೇಡ. ವಿವಾಡೊದಲ್ಲಿ ಪ್ರತಿ ಪಿನ್‌ಗೂ ಜಾಗ ಮತ್ತು ವೋಲ್ಟೇಜ್ ದರ್ಜೆ ಎರಡನ್ನೂ ಹೇಳಬೇಕು. ಒಂದು ಪಿನ್‌ಗೆ ಬಿಟ್ಟುಹೋದರೂ ಉಳಿದೆಲ್ಲ ಹಂತ ಮುಗಿಸಿ, ಕೊನೆಗೆ ಬಿಟ್‌ಸ್ಟ್ರೀಮ್ ಮಾಡುವಾಗ ನಿಂತುಬಿಡುತ್ತದೆ.

ಕ್ಲಾಕ್ ಎಷ್ಟು ಅಂತ ಹೇಳದಿದ್ದರೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ. ಕ್ವಾರ್ಟಸ್ 1 ಗಿಗಾಹರ್ಟ್ಸ್ ಅಂದುಕೊಂಡು ವರದಿಯನ್ನೆಲ್ಲ ಕೆಂಪು ಮಾಡುತ್ತದೆ. ನೆಕ್ಸ್ಟ್‌ಪಿಎನ್‌ಆರ್ 12 ಮೆಗಾಹರ್ಟ್ಸ್ ಅಂದುಕೊಳ್ಳುತ್ತದೆ. ವಿವಾಡೊ ಲೆಕ್ಕವನ್ನೇ ಹಾಕುವುದಿಲ್ಲ, ಕೆಂಪು ಕಾಣದ್ದರಿಂದ ಎಲ್ಲ ಸರಿ ಇದೆ ಅಂತ ನಿಮಗೆ ಅನಿಸುತ್ತದೆ. ಮೂರರಲ್ಲಿ ಇದೇ ಹೆಚ್ಚು ಅಪಾಯ.

ಹೇಳಿದ ಮೇಲೆ ವರದಿ ತೆರೆಯಿರಿ. ಕ್ಲಾಕ್ 100 ಮೆಗಾಹರ್ಟ್ಸ್ ಅಂದರೆ ಒಂದು ಬಡಿತದಿಂದ ಇನ್ನೊಂದಕ್ಕೆ 10 ನ್ಯಾನೋಸೆಕೆಂಡ್. ಅಷ್ಟರೊಳಗೆ ಸಿಗ್ನಲ್ ಒಂದು ಫ್ಲಿಪ್‌ಫ್ಲಾಪ್‌ನಿಂದ ಹೊರಟು ಮುಂದಿನದನ್ನು ತಲುಪಬೇಕು. ಉಳಿದ ಸಮಯಕ್ಕೆ ಸ್ಲ್ಯಾಕ್ ಅಂತ ಹೆಸರು. ಅತಿ ಕೆಟ್ಟ ಸ್ಲ್ಯಾಕ್ ಮೈನಸ್ 0.8 ಅಂತ ತೋರಿಸಿದರೆ ನಿಮ್ಮ ಸರ್ಕ್ಯೂಟ್‌ಗೆ 10.8 ನ್ಯಾನೋಸೆಕೆಂಡ್ ಬೇಕು. ಅಂದರೆ ಅದು ನಂಬಿಕೆಯಿಂದ ಓಡುವುದು ಸುಮಾರು 92 ಮೆಗಾಹರ್ಟ್ಸ್‌ಗೆ. ವಿವಾಡೊ ಇಂಥ ಹೊತ್ತಲ್ಲೂ ಎಚ್ಚರಿಕೆ ಕೊಟ್ಟು ಬಿಟ್‌ಸ್ಟ್ರೀಮ್ ಮಾಡಿಬಿಡುತ್ತದೆ. ಬೋರ್ಡ್ ಓಡಲೂಬಹುದು. ಬಿಸಿಯಾದಾಗ ತಪ್ಪು ಉತ್ತರ ಕೊಡಲೂಬಹುದು.

ಹಂತ 9: ಆವೃತ್ತಿ ಗಟ್ಟಿಯಾಗಿ ಹಿಡಿದುಕೊಳ್ಳಿ

ಪ್ರಾಜೆಕ್ಟ್ ನಡುವೆ ಸಾಫ್ಟ್‌ವೇರ್ ಹೊಸದು ಮಾಡಬೇಡಿ. ವಿವಾಡೊದ ಹೊಸ ಆವೃತ್ತಿಯಲ್ಲಿ ಹಳೆಯ ಪ್ರಾಜೆಕ್ಟ್ ತೆರೆದರೆ ಒಳಗಿನ ಐಪಿಗಳಿಗೆ ಬೀಗ ಬಿದ್ದಿರುತ್ತದೆ, ಒಂದೊಂದನ್ನೂ ಮೇಲ್ದರ್ಜೆಗೆ ಏರಿಸಬೇಕು. ಗಿಟ್ (ಕೋಡ್‌ನ ಹಳೆಯ ರೂಪಗಳನ್ನೂ ಕಾಪಾಡಿಡುವ ಸಾಫ್ಟ್‌ವೇರ್) ಬಳಸುವವರು ಕೋಡ್, ಕನ್‌ಸ್ಟ್ರೇಂಟ್ ಮತ್ತು ಪ್ರಾಜೆಕ್ಟ್ ಮರಳಿ ಕಟ್ಟುವ ಟಿಸಿಎಲ್ ಸ್ಕ್ರಿಪ್ಟ್ ಇಟ್ಟರೆ ಸಾಕು. ಸಾಫ್ಟ್‌ವೇರ್ ತಾನೇ ಮಾಡಿದ ಫೋಲ್ಡರ್‌ಗಳನ್ನೆಲ್ಲ ತುಂಬಬೇಡಿ. ಯಾವ ಆವೃತ್ತಿಯಲ್ಲಿ ಮಾಡಿದ್ದು ಅಂತ ಒಂದು ಸಾಲು ಬರೆದಿಡಿ.

ಹಂತ 10: ಕೇಬಲ್, ಡ್ರೈವರ್, ಫ್ಲ್ಯಾಶ್

ಬೋರ್ಡ್ ಸಿಕ್ಕಿಸಿದರೂ ಸಾಫ್ಟ್‌ವೇರ್‌ಗೆ ಕಾಣುತ್ತಿಲ್ಲ ಅಂದರೆ ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಮಾಡುವ, ಡೇಟಾ ಹೋಗದ ಕೇಬಲ್‌ಗಳು ಎಲ್ಲರ ಮನೆಯಲ್ಲೂ ಇವೆ. ಆಮೇಲೆ ಡ್ರೈವರ್. ಲಿನಕ್ಸ್‌ನಲ್ಲಿ ವಿವಾಡೊದ ಕೇಬಲ್ ಡ್ರೈವರ್ ತಾನಾಗಿ ಬರುವುದಿಲ್ಲ, ಅದರ ಜೊತೆಗಿರುವ ಸ್ಕ್ರಿಪ್ಟನ್ನು ರೂಟ್ ಆಗಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಬೇರೆಯೇ ಓಡಿಸಬೇಕು. ಕ್ವಾರ್ಟಸ್‌ನ ಯುಎಸ್‌ಬಿ ಬ್ಲಾಸ್ಟರ್‌ಗೆ ಯುಡೆವ್ ನಿಯಮ ಬರೆಯಬೇಕು, ಅಂದರೆ ಈ ಸಾಧನವನ್ನು ಯಾರು ಮುಟ್ಟಬಹುದು ಅಂತ ಲಿನಕ್ಸ್‌ಗೆ ಹೇಳುವ ಒಂದು ಫೈಲ್. ವಿಂಡೋಸ್‌ನಲ್ಲಿ ಓಪನ್‌ಎಫ್‌ಪಿಜಿಎಲೋಡರ್ ಬಳಸುವವರು ಜಡಿಗ್ ಅನ್ನುವ ಚಿಕ್ಕ ಸಾಫ್ಟ್‌ವೇರ್‌ನಿಂದ ಡ್ರೈವರ್ ಬದಲಿಸಬೇಕಾಗುತ್ತದೆ. ಹಾಗೆ ಬದಲಿಸಿದ ಮೇಲೆ ತಯಾರಕರ ಸಾಫ್ಟ್‌ವೇರ್‌ಗೆ ಅದೇ ಬೋರ್ಡ್ ಕಾಣದೇ ಹೋಗಬಹುದು, ಗೊತ್ತಿರಲಿ.

ಕೊನೆಗೆ, "ನಿನ್ನೆ ಓಡಿತ್ತು, ಇವತ್ತು ಬೋರ್ಡ್ ಸತ್ತಿದೆ" ಅನ್ನುವ ಪ್ರಶ್ನೆ. ಸತ್ತಿಲ್ಲ. ಹೆಚ್ಚಿನ ಎಫ್‌ಪಿಜಿಎಗಳು ಬಿಟ್‌ಸ್ಟ್ರೀಮನ್ನು ಎಸ್‌ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತವೆ, ಕರೆಂಟ್ ಹೋದರೆ ಮರೆತುಬಿಡುತ್ತವೆ. ನೆನಪಿರಬೇಕಾದರೆ ಪಕ್ಕದಲ್ಲಿರುವ ಫ್ಲ್ಯಾಶ್ ಚಿಪ್‌ಗೆ ಬರೆಯಬೇಕು, ಅದಕ್ಕೆ ಫೈಲ್ ಬೇರೆ. ವಿವಾಡೊದಲ್ಲಿ ಬಿಟ್ ಫೈಲ್ ತಾತ್ಕಾಲಿಕಕ್ಕೆ, ಎಂಸಿಎಸ್ ಅಥವಾ ಬಿನ್ ಫೈಲ್ ಫ್ಲ್ಯಾಶ್‌ಗೆ. ಕ್ವಾರ್ಟಸ್‌ನಲ್ಲಿ ಎಸ್ಒಎಫ್ ತಾತ್ಕಾಲಿಕಕ್ಕೆ, ಜೆಐಸಿ ಫ್ಲ್ಯಾಶ್‌ಗೆ. ಓಪನ್‌ಎಫ್‌ಪಿಜಿಎಲೋಡರ್‌ನಲ್ಲಿ ಫ್ಲ್ಯಾಶ್‌ಗೆ ಬರೆಯುವ ಆಯ್ಕೆ ಬೇರೆ ಇದೆ. ಬರೆದ ಮೇಲೆ ಯುಎಸ್‌ಬಿ ಕಿತ್ತು, ಹತ್ತು ಎಣಿಸಿ, ಮತ್ತೆ ಸಿಕ್ಕಿಸಿ. ಎಲ್ಇಡಿ ತಾನಾಗಿ ಮಿಟುಕಿದರೆ ಸರಿಯಾಗಿ ಬರೆದಿದೆ ಅಂತ ಅರ್ಥ.